ಐವರಲ್ಲಿ ಒಬ್ಬಳು

ಜೂನ್ 9

ತಂಗೀ,

ಗುಬ್ಬಿ ಕ್ಷೇಮವಾಗಿ ಬಂದು ಸೇರಿದಳು. ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ಮನೆಗೆ ಫೋನ್ ಮಾಡಿದರೆ ನಿನ್ನದೊಂದು ಬಿಟ್ಟು ಎಲ್ಲರ ಧ್ವನಿಯೂ ಕೇಳಿಸುತ್ತದೆ. ಅವಳಿ ಹುಡುಗರು ಕಿತ್ತಾಡುತ್ತಾರೆ, ಪುಟಾಣಿ ಫೋನನ್ನೇ ನೆಕ್ಕುತ್ತಾಳೆ, ನೀನು ಹೊಲಿಗೆ ಮಿಷನ್ನಿನ ಹಿಂದಿನಿಂದ "ಏನೂ ಕೇಳಿಸ್ತಿಲ್ಲ ಕಣೇ" ಎಂದು ಕೂಗಿ ಇಟ್ಟುಬಿಡುತ್ತೀಯ. ಕಾಗದವಾದರೆ ನಡುವೆ ಯಾರೂ ಬಾಯಿ ಹಾಕುವುದಿಲ್ಲ.

ಅವಳಿಗೆ ಹಿಂದಿನ ಚಿಕ್ಕ ಕೋಣೆ ಕೊಟ್ಟಿದ್ದೇನೆ. ಇಷ್ಟು ವರ್ಷ ಅಲ್ಲಿ ಹಳೆಯ ಪೇಪರು, ಮುರಿದ ಕುರ್ಚಿ ತುಂಬಿದ್ದೆವು. ಮನೆ ಕಟ್ಟಿಸುವಾಗ ಆ ಕೋಣೆ ಯಾರಿಗೆಂದು ಅಂದುಕೊಂಡಿದ್ದೆವೋ ನಿನಗೆ ಗೊತ್ತು. ನಿನ್ನ ಭಾವ ತಾವೇ ನಿಂತು ಗೋಡೆಗೆ ಹಳದಿ ಬಣ್ಣ ಬಳಿದರು. ಗುಬ್ಬಿ ಬಾಗಿಲಲ್ಲೇ ನಿಂತು, "ಇದು ನಂಗೊಬ್ಳಿಗೇನಾ ದೊಡ್ಡಮ್ಮ?" ಅಂದಳು. ಮೊದಲ ದಿನ ಮಂಚದ ಒಂದು ಅಂಚಿನಲ್ಲಿ, ಇನ್ನೂ ನಾಲ್ವರಿಗೆ ಜಾಗ ಬಿಟ್ಟವಳ ಹಾಗೆ ಮುದುಡಿ ಮಲಗಿದ್ದಳು. ಈಗ ಕೈಕಾಲು ಚಾಚಿ ಮಲಗುತ್ತಾಳೆ.

ಎಂಟನೇ ತರಗತಿಗೆ ವಿಜ್ಞಾನ ನನ್ನದೇ ಆದ್ದರಿಂದ ದಿನವೂ ನನ್ನ ಕಣ್ಣೆದುರೇ ಇರುತ್ತಾಳೆ. ಶಾಲೆಯಲ್ಲಿ ನಾನು ಮಿಸ್, ಮನೆಯಲ್ಲಿ ದೊಡ್ಡಮ್ಮ. ತಲೆಯಲ್ಲಿ ಸಿಕ್ಕೋ ಸಿಕ್ಕು. ನಾನೇ ಕರೆದುಕೊಂಡು ಹೋಗಿ ಭುಜದ ಮಟ್ಟಕ್ಕೆ ಕೂದಲು ಕಟ್ ಮಾಡಿಸಿದೆ. ಥೇಟ್ ಆ ವಯಸ್ಸಿನ ನನ್ನ ಹಾಗೇ ಕಾಣುತ್ತಾಳೆ. ಕತ್ತರಿಸಿದವಳು "ನಿಮ್ಮ ಮಗಳಾ?" ಅಂದಳು. ನಕ್ಕೆ.

ನೀನು ಚಿಂತೆ ಬಿಡು.

ನಿನ್ನ ಅಕ್ಕ


ಜೂನ್ 21

ಅಕ್ಕ,

ಕಾಗದ ಓದಿ ಸಂತೋಷವಾಯಿತು. ಹಾಗಂತ ಬರೆಯಬೇಕು, ಬರೆದಿದ್ದೇನೆ.

ಆ ಕೂದಲಿಗೆ ನಾನು ಹದಿಮೂರು ವರ್ಷ ಎಣ್ಣೆ ಹಚ್ಚಿದ್ದೇನೆ ಅಕ್ಕ. ಐದು ಮಕ್ಕಳ ನಡುವೆ ಒಬ್ಬೊಬ್ಬರನ್ನೇ ಹಿಡಿದು ಕೂರಿಸಿಕೊಳ್ಳಲು ನನಗೆ ಸಿಗುತ್ತಿದ್ದದ್ದು ಜಡೆ ಹಾಕುವ ಹೊತ್ತು ಮಾತ್ರ. ಗುಬ್ಬಿ ಮನಸ್ಸಿನಲ್ಲಿದ್ದದ್ದನ್ನೆಲ್ಲ ಆಗಲೇ ಹೇಳುತ್ತಿದ್ದಳು, ಮುಖ ಆ ಕಡೆ ಇರುತ್ತಿತ್ತಲ್ಲ. ಕತ್ತರಿ ಹಾಕುವ ಮುಂಚೆ ಒಂದು ಮಾತು ಕೇಳಬಹುದಿತ್ತು. ಹೋಗಲಿ, ಕೂದಲು ತಾನೇ, ಬೆಳೆಯುತ್ತದೆ.

"ನಿಮ್ಮ ಮಗಳಾ" ಅಂದವಳಿಗೆ ನಕ್ಕೆ ಅಂದೆಯಲ್ಲ, ನಕ್ಕ ಮೇಲೆ ಏನು ಹೇಳಿದೆ?

ಇಲ್ಲಿ ಎಲ್ಲ ಮಾಮೂಲು. ಶಾಲೆ ಶುರುವಾಗುವ ಕಾಲ, ಯೂನಿಫಾರ್ಮ್ ಹೊಲಿದು ಹೊಲಿದು ಕಣ್ಣ ಮುಂದೆ ನೀಲಿ ಬಣ್ಣವೇ ತೇಲುತ್ತದೆ. ಕೆಳಗಿನ ಸೈಕಲ್ ಅಂಗಡಿಯವನು ದಿನವೂ ಟ್ಯೂಬಿಗೆ ಗಾಳಿ ಹಾಕಿ ಹಾಕಿ ಒಡೆಯುತ್ತಾನೆ, ಪುಟಾಣಿ ಬೆಚ್ಚಿ ಎದ್ದು "ಅಕ್ಕ" ಅಂತಾಳೆ, "ಅಮ್ಮ" ಅನ್ನುವುದಿಲ್ಲ. ಗುಬ್ಬಿಯೇ ಅವಳನ್ನು ಮಲಗಿಸುತ್ತಿದ್ದಳು. ಇವರು ಬಸ್ಸಿನ ಡ್ಯೂಟಿ ಮುಗಿಸಿ ಬಂದರೆ ಮೊದಲು ಗುಬ್ಬಿಯ ಚಪ್ಪಲಿ ಹುಡುಕುತ್ತಾರೆ.

ಅವಳು ನಾಲ್ಕು ಸಾಲು ಬರೆದಿದ್ದಳು. "ನಮ್ಮ ಮನೆಯ ಕಿಟಕಿಯಿಂದ ರೈಲು ಕಾಣಿಸುತ್ತದೆ" ಅಂತ. ಇಲ್ಲಿಂದ ಯಾವ ರೈಲೂ ಕಾಣಿಸುವುದಿಲ್ಲ. ಆಮೇಲೆ ಹೊಳೆಯಿತು, ಯಾವ ಮನೆ ಅಂತ.

ಓದಿಸುತ್ತೀಯ ಎಂದು ಕಳಿಸಿದವಳು ನಾನೇ. ಮರೆತಿಲ್ಲ. ಭಾವನವರಿಗೆ ನಮಸ್ಕಾರ.

ತಂಗಿ


ಆಗಸ್ಟ್ 3

ತಂಗೀ,

ಬರೆಯಲು ತಡವಾಯಿತು. ಇಲ್ಲಿ ಸಂಜೆಗಳು ಹೇಗೆ ಕಳೆಯುತ್ತವೋ ತಿಳಿಯುವುದಿಲ್ಲ. ಒಂದೇ ಮೇಜಿನ ಎರಡು ಕಡೆ ಕೂತು ನಾನು ಉತ್ತರಪತ್ರಿಕೆ ತಿದ್ದುತ್ತೇನೆ, ಅವಳು ಓದುತ್ತಾಳೆ. ಮೊನ್ನೆ ತಲೆ ಎತ್ತದೆಯೇ "ಅಮ್ಮ, ರಬ್ಬರ್ ಕೊಡು" ಅಂದಳು. ಆಮೇಲೆ ನಾಲಿಗೆ ಕಚ್ಚಿಕೊಂಡಳು. ಇಬ್ಬರೂ ಬಿದ್ದುಬಿದ್ದು ನಕ್ಕೆವು. ನಿನಗೂ ನಗು ಬರಲಿ ಎಂದು ಬರೆದೆ.

ಈ ವಾರ ಜನಸಂಖ್ಯೆಯ ಪಾಠ. ಅದನ್ನು ಪುಸ್ತಕದಿಂದ ಓದಿದರೆ ಹಿಂದಿನ ಬೆಂಚು ಗೊರಕೆ ಹೊಡೆಯುತ್ತದೆ. ಹಾಗಾಗಿ ಬೆಂಚುಗಳನ್ನೆಲ್ಲ ಗೋಡೆಗೆ ಸರಿಸಿ, ನೆಲದ ಮೇಲೆ ಚಾಕ್‌ಪೀಸಿನಲ್ಲಿ ದೊಡ್ಡ ಚೌಕ ಎಳೆದೆ. ಒಳಗೆ ಇಬ್ಬರು ಮಕ್ಕಳು, ಒಂದು ಹೂಕುಂಡ, ಒಂದು ಹೂಜಿ ನೀರು. "ಇದೇ ನಿಮ್ಮ ಭೂಮಿ" ಅಂದೆ. ಇಬ್ಬರೂ ಕಾಲು ನೀಡಿ ರಾಜರ ಹಾಗೆ ಕೂತರು. ಆಮೇಲೆ ನಾಲ್ವರು, ಎಂಟು ಮಂದಿ, ಹದಿನಾರು. ನೀರು ಒಬ್ಬೊಬ್ಬರಿಗೆ ಒಂದು ಗುಟುಕಿಗೂ ಬರಲಿಲ್ಲ. ಮೂವತ್ತೆರಡಾಗುವ ಹೊತ್ತಿಗೆ ಹೂಕುಂಡ ಚೌಕದ ಹೊರಗಿತ್ತು. ಯಾರೂ ಹೇಳಿಕೊಟ್ಟಿರಲಿಲ್ಲ, ಜಾಗ ಸಾಲದೆ ಅವರೇ ಕಾಲಲ್ಲಿ ತಳ್ಳಿದ್ದರು. "ಕಾಡು ಹೇಗೆ ಹೋಗುತ್ತೆ ಅಂತ ಈಗ ಗೊತ್ತಾಯ್ತಾ?" ಅಂದೆ.

ಕಿಟಕಿ ಮುಚ್ಚಿಸಿ ಥರ್ಮಾಮೀಟರ್ ತೂಗುಹಾಕಿದ್ದೆ. ಪಾದರಸ ಏರುವುದನ್ನು ಅವರೇ ಓದಿದರು. ಬರೀ ಮೈಯ ಬಿಸಿಗೇ ಇಷ್ಟಾದರೆ, ಇಷ್ಟು ಜನರ ಒಲೆ, ವಾಹನ, ಕಾರ್ಖಾನೆಗಳ ಹೊಗೆ ಭೂಮಿಗೆ ಕಂಬಳಿಯ ಹಾಗೆ ಸುತ್ತಿಕೊಂಡರೆ ಏನಾದೀತು ಎಂದು ಕೇಳಿದೆ. ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ನಮ್ಮ ಗುಬ್ಬಿ. ಮಳೆಯ ಕಾಲ ತಪ್ಪುವುದು, ಬೆಳೆ ಕೈಕೊಡುವುದು, ನಾನು ನೀನು ಚಿಕ್ಕವರಿದ್ದಾಗ ಈಜಿದ ಕೆರೆ ಈಗ ಮನೆಗಳಾಗಿರುವುದು, ಎಲ್ಲವನ್ನೂ ಒಂದರ ಹಿಂದೊಂದು ಪೋಣಿಸಿ ಹೇಳಿದಳು. ಪಾಠಕ್ಕೆ ಇನ್ನೊಂದು ಅರ್ಧವಿದೆ, ಗಂಟೆ ಹೊಡೆಯಿತು.

ನವೆಂಬರಿನಲ್ಲಿ ಶಾಲೆಗಳ ವಿಜ್ಞಾನ ಮೇಳ. ಈ ವಿಷಯದ ಮೇಲೆ ನಮ್ಮ ಶಾಲೆಯಿಂದ ಗುಬ್ಬಿಯೇ ಮಾತಾಡುತ್ತಾಳೆ. ನಾನೇ ತಯಾರು ಮಾಡುತ್ತಿದ್ದೇನೆ. ಇಂಥ ಮಗು ಇಷ್ಟು ದಿನ ಎರಡು ಕೋಣೆಯ ಗದ್ದಲದಲ್ಲಿ ಹೇಗೆ ಕಳೆದುಹೋಗಿತ್ತೋ.

ನಿನ್ನ ಅಕ್ಕ


ಆಗಸ್ಟ್ 11

ಪ್ರೀತಿಯ ಅಮ್ಮನಿಗೆ,

ನಾನು ಚೆನ್ನಾಗಿದ್ದೇನೆ. ನನ್ನ ಭಾಷಣ ಅರ್ಧ ಬಾಯಿಪಾಠ ಆಗಿದೆ. ದೊಡ್ಡಮ್ಮ ಎಲ್ಲಿ ನಿಲ್ಲಿಸಬೇಕು, ಎಲ್ಲಿ ಬೆರಳು ಎತ್ತಬೇಕು ಅಂತ ಹೇಳಿಕೊಡುತ್ತಾರೆ.

ಅಮ್ಮ, ನಾನೊಂದು ಕೇಳಲಾ? ಬೈಯಬೇಡ. ನೀನು ಐದು ಮಕ್ಕಳನ್ನು ಯಾಕೆ ಹೆತ್ತೆ? ನಿನಗೆ ಯಾರೂ ಈ ಪಾಠ ಮಾಡಿರಲಿಲ್ಲವಾ? ನನ್ನ ಪಕ್ಕ ಕೂರುವ ಡಾಕ್ಟರ್ ಮಗಳು, ಎರಡಕ್ಕಿಂತ ಹೆಚ್ಚು ಮಕ್ಕಳಿರೋರಿಗೆ ಬುದ್ಧಿ ಇರಲ್ಲ ಅಂತ ಅವರಪ್ಪ ಹೇಳುತ್ತಾರೆ ಅಂದಳು. ಮೊದಲು ಹುಟ್ಟಿದ್ದು ನಾನಾದ್ದರಿಂದ ನಾನು ಲೆಕ್ಕದೊಳಗೇ ಬರುತ್ತೇನೆ ಅಲ್ವಾ?

ಪುಟಾಣಿಗೆ ಮುತ್ತು. ಅವಳಿಗಳು ನನ್ನ ಬಣ್ಣದ ಪೆನ್ಸಿಲ್ ಮುಟ್ಟದ ಹಾಗೆ ನೋಡಿಕೋ.

ನಿನ್ನ ಗುಬ್ಬಿ


ಆಗಸ್ಟ್ 17

ಅಕ್ಕ,

ನಿನ್ನ ವಿದ್ಯಾರ್ಥಿನಿಯ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ಓದಿ ತಿದ್ದು. ಕೆಂಪು ಶಾಯಿ ನಿನ್ನ ಹತ್ತಿರ ಇರುತ್ತದಲ್ಲ.

ಹೆತ್ತ ಮಗಳು ಹೆತ್ತದ್ದಕ್ಕೆ ಕಾರಣ ಕೇಳುತ್ತಿದ್ದಾಳೆ. ಏನು ಬರೆಯಲಿ? ಗುಬ್ಬಿ ನಾನು ಬೇಕೆಂದು ಬೇಡಿ ಪಡೆದವಳು. ಅವಳಿಗಳು ಒಂದಕ್ಕೆ ಎರಡಾಗಿ ಬಂದರು. ನಾಲ್ಕನೆಯವಳು ಇವರ ಆಸೆಗೆ. ಪುಟಾಣಿ ಯಾರ ಲೆಕ್ಕಕ್ಕೂ ಸಿಗದೆ ಬಂದಳು, ಈಗ ಅವಳಿಲ್ಲದೆ ಯಾರಿಗೂ ಊಟ ಸೇರುವುದಿಲ್ಲ. ಇದನ್ನು ನಿನ್ನ ಚೌಕದಲ್ಲಿ ಎಲ್ಲಿ ನಿಲ್ಲಿಸುತ್ತೀಯ?

ಜನ ಹೆಚ್ಚಾದರೆ ಭೂಮಿ ಬಿಸಿಯಾಗುತ್ತದೆ, ಸರಿ, ನಾನು ಒಪ್ಪುತ್ತೇನೆ, ಇಲ್ಲಿ ನೀರು ವಾರಕ್ಕೆರಡು ಸಲ ಬರುತ್ತದೆ, ಬಿಂದಿಗೆಗೆ ಬಡಿದಾಡುವವಳು ನಾನು. ಆದರೆ ನಮ್ಮ ಮನೆಯಲ್ಲಿ ಒಂದು ದೀಪ, ಅದರ ಕೆಳಗೆ ಏಳು ತಲೆ. ನಿಮ್ಮ ಮನೆಯಲ್ಲಿ ಇಬ್ಬರಿಗೆ ಎಷ್ಟು ಕೋಣೆ, ಎಷ್ಟು ಏಸಿ? ಭಾವ ಹಾಲು ತರಲೂ ಕಾರು ತೆಗೆಯುತ್ತಾರೆ. ನನ್ನ ಗಂಡ ಒಂದೇ ಬಸ್ಸಿನಲ್ಲಿ ಐವತ್ತು ಜನರನ್ನು ಹೊತ್ತು ತಿರುಗುತ್ತಾರೆ. ದೊಡ್ಡವಳ ಅಂಗಿ ಚಿಕ್ಕವಳಿಗೆ, ಚಿಕ್ಕವಳದು ಪುಟಾಣಿಗೆ, ಅದೂ ಹರಿದರೆ ಒರಸುಬಟ್ಟೆ. ಹೇಳುವುದು ಒಂದು, ಮಾಡುವುದು ಇನ್ನೊಂದು ಎಂದು ನಾನಲ್ಲ, ಊರೇ ಅಂದೀತು.

"ಅಮ್ಮ, ರಬ್ಬರ್ ಕೊಡು" ಅಂದಳು ಎಂದು ಬರೆದಿದ್ದೀಯ. ನಗು ಬರಲಿಲ್ಲ ಅಕ್ಕ. ಆ ಸಾಲನ್ನು ಎಷ್ಟು ಜೋಪಾನವಾಗಿ, ದುಂಡಗೆ ಬರೆದಿದ್ದೀಯ ಎಂದು ನೋಡಿದೆ.

ಇನ್ನೊಂದು ಸುದ್ದಿ. ಬೇರೆಯವರಿಂದ ತಿಳಿಯುವುದಕ್ಕಿಂತ ನನ್ನಿಂದಲೇ ತಿಳಿಯಲಿ. ನನಗೆ ಮೂರು ತಿಂಗಳು. ಆರನೆಯದು. ನಾನು ಬೇಕೆಂದದ್ದಲ್ಲ, ಆದರೆ ಬಂದ ಮೇಲೆ ನನ್ನದು. ಗುಬ್ಬಿಗೆ ನಾನೇ ಹೇಳುತ್ತೇನೆ, ನೀನು ಹೇಳಬೇಡ.

ನಿನ್ನ ಮಡಿಲು ಬರಿದೆಂದು ನನ್ನ ಮಡಿಲನ್ನು ಎಣಿಸಬೇಡ.

ತಂಗಿ


ಅಕ್ಟೋಬರ್ 6

ತಂಗೀ,

ನಿನ್ನ ಕೊನೆಯ ಸಾಲಿಗೆ ಉತ್ತರ ಹುಡುಕುತ್ತ ಇಷ್ಟು ದಿನವಾಯಿತು. ಆ ಸಾಲನ್ನು ಬಿಟ್ಟು ಉಳಿದದ್ದಕ್ಕೆ ಬರೆಯುತ್ತೇನೆ.

ಏಸಿ, ಕಾರಿನ ಮಾತು ನಿಜ. ನಾನು ಮಾಡದೆ ಉಳಿಸಿದ ಅರ್ಧ ಪಾಠ ಅದೇ. ಎಷ್ಟು ತಲೆ ಎನ್ನುವುದರ ಜೊತೆಗೆ ಒಂದೊಂದು ತಲೆ ಎಷ್ಟು ಬಳಸುತ್ತದೆ ಎನ್ನುವುದೂ ಸೇರಬೇಕು. ಆದರೆ ಅದು ಸೇರಿದರೆ ಮೊದಲರ್ಧ ಸುಳ್ಳಾಗುವುದಿಲ್ಲ. ನಿಮ್ಮೂರಿನ ನಲ್ಲಿ ಬತ್ತಿದ್ದು ನನ್ನ ಏಸಿಯಿಂದ ಮಾತ್ರವಲ್ಲ. ಆ ನಲ್ಲಿಗೆ ಮೊದಲು ಎಷ್ಟು ಮನೆ ಇದ್ದವು, ಈಗ ಎಷ್ಟು? ಮಕ್ಕಳಿಗೆ ಎರಡನ್ನೂ ಹೇಳಬೇಕು. ಹೆಣ್ಣುಮಕ್ಕಳು ಹೆಚ್ಚು ಓದಿದ ಕಡೆ, ಹುಟ್ಟಿದ ಕೂಸು ಬದುಕಿ ಉಳಿಯುತ್ತದೆಂಬ ಧೈರ್ಯ ಇರುವ ಕಡೆ, ಸಂಸಾರಗಳು ತಾವಾಗಿಯೇ ಚಿಕ್ಕವಾಗುತ್ತವೆ. ಆ ಡಾಕ್ಟರ್ ಬೈಯುವ ಹಾಗೆ ಯಾರನ್ನೂ ಬೈಯಬೇಕಾಗಿಲ್ಲ. ಇದನ್ನು ಗುಬ್ಬಿಗೆ ಹೇಳಿದೆ. ಹೇಳಿದ್ದು ತಡವಾಯಿತು, ಅವಳ ಭಾಷಣ ಬಾಯಿಪಾಠ ಆಗಿಬಿಟ್ಟಿದೆ.

ಈಗ ಬರೆಯುವುದನ್ನು ನಿಂತು ಓದಬೇಡ, ಕೂತು ಓದು.

ನಿನ್ನ ಸುದ್ದಿ ಓದಿದ ದಿನ ನಾನು ಶಾಲೆಗೆ ಹೋಗಲಿಲ್ಲ. ನಾವಿಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಒಂದೇ ರಕ್ತ. ಒಬ್ಬಳಿಗೆ ಬೇಡವೆಂದರೂ ಬರುತ್ತದೆ, ಇನ್ನೊಬ್ಬಳು ಎಷ್ಟು ಆಸ್ಪತ್ರೆಯ ಮೆಟ್ಟಿಲು ಹತ್ತಿದಳು, ಎಷ್ಟು ಸೂಜಿ ಚುಚ್ಚಿಸಿಕೊಂಡಳು. ತರಗತಿಯಲ್ಲಿ ಚೌಕ ಎಳೆಯುವಾಗ ನನಗೆ ನಿಮ್ಮ ಮನೆಯೇ ಕಣ್ಣಿಗೆ ಕಟ್ಟುತ್ತಿತ್ತು. ಭೂಮಿಯ ಚಿಂತೆ ನನಗಿದೆ, ಅದು ನಾಟಕವಲ್ಲ. ಆದರೆ ಆ ಚಿಂತೆಯ ಜೊತೆ ಇನ್ನೊಂದು ಉರಿಯೂ ಇತ್ತು, ಅದಕ್ಕೆ ವಿಜ್ಞಾನದ ಹೆಸರಿಲ್ಲ.

ಹುಟ್ಟುವುದು ಹೇಗೂ ಹುಟ್ಟುತ್ತದೆ. ಅದನ್ನು ನನಗೆ ಕೊಡುತ್ತೀಯಾ? ನಿನ್ನ ಕೈ ಹಗುರಾಗುತ್ತದೆ, ನನ್ನ ಮನೆ ತುಂಬುತ್ತದೆ, ಲೋಕದ ಲೆಕ್ಕದಲ್ಲಿ ಒಂದೂ ಹೆಚ್ಚಾಗುವುದಿಲ್ಲ. ನಿನ್ನ ಭಾವನಿಗೆ ಹೇಳಿಲ್ಲ. ನೀನು ಹೂಂ ಅಂದರೆ ಹೇಳುತ್ತೇನೆ.

ಅಕ್ಕ


ಅಕ್ಟೋಬರ್ 13

ಅಕ್ಕ,

ಕೂತೇ ಓದಿದೆ. ಮಿಷನ್ನಿನ ಮುಂದೆ ಕೂತವಳು ಸಂಜೆಯವರೆಗೂ ಒಂದು ಕಾಲರ್ ಕೂಡ ಹೊಲಿಯಲಿಲ್ಲ.

ಕೊಡುವುದಿಲ್ಲ.

ನಿನ್ನ ನೋವು ನನಗೆ ಗೊತ್ತಿಲ್ಲ ಎಂದುಕೊಳ್ಳಬೇಡ. ಆಸ್ಪತ್ರೆಗೆ ನಿನ್ನ ಜೊತೆ ಬಂದವಳು ನಾನೇ, ಗುಬ್ಬಿಯನ್ನು ಸೊಂಟಕ್ಕೆ ಏರಿಸಿಕೊಂಡು. ಆ ಸಾಲಿನಲ್ಲಿ ಕೂತ ಹೆಂಗಸರೆಲ್ಲ ಗುಬ್ಬಿಯನ್ನೇ ನೋಡುತ್ತಿದ್ದರು, ನೀನು ಮಾತ್ರ ಗೋಡೆ ನೋಡುತ್ತಿದ್ದೆ. ಆದರೆ ಒಂದು ಮಗುವನ್ನು ಈಗಾಗಲೇ ಕೊಟ್ಟಿದ್ದೇನೆ ಅನ್ನಿಸುತ್ತಿದೆ, ಓದಿಗೆಂದು ಕಳಿಸಿದ್ದು ಹಾಗಾಯಿತು. ಹೆರುವುದಕ್ಕೆ ಮುಂಚೆಯೇ ಇನ್ನೊಂದನ್ನು ಹೇಗೆ ಕೊಡಲಿ? ನಮ್ಮ ಮನೆಯಲ್ಲಿ ಇಲ್ಲದ್ದು ಬೇಕಾದಷ್ಟಿದೆ ಅಕ್ಕ, ಹೆಚ್ಚಾದದ್ದು ಯಾವುದೂ ಇಲ್ಲ.

ನೀನು ಕೇಳಿದ್ದನ್ನು ಇವರಿಗೆ ಹೇಳಿಲ್ಲ, ಹೇಳುವುದೂ ಇಲ್ಲ.

ವಿಜ್ಞಾನ ಮೇಳಕ್ಕೆ ನಾನು ಬರುತ್ತೇನೆ. ಮಕ್ಕಳನ್ನೂ ಕರೆದುಕೊಂಡು. ಗುಬ್ಬಿಗೆ ತಿಳಿಸಬೇಡ, ಇದ್ದಕ್ಕಿದ್ದಂತೆ ನೋಡಲಿ. ಹೊಟ್ಟೆಯ ಸುದ್ದಿಯನ್ನೂ ಆಗಲೇ ಬಾಯಾರೆ ಹೇಳುತ್ತೇನೆ.

ತಂಗಿ


ನವೆಂಬರ್ 24

ತಂಗೀ,

ಮೇಳದ ದಿನ ನೀನು ಸಭಾಂಗಣದ ಕೊನೆಯ ಸಾಲಿನಲ್ಲಿದ್ದೆ, ನಾನು ಮೊದಲ ಸಾಲಿನಲ್ಲಿ. ಅಲ್ಲಿಂದ ನಿನಗೆ ಅವಳ ಮುಖ ಸರಿಯಾಗಿ ಕಂಡಿರಲಾರದು, ನನ್ನ ಮುಖವಂತೂ ಕಾಣುವ ಹಾಗೇ ಇರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಭಾಷಣ ಅವಳು ಚೆನ್ನಾಗಿಯೇ ಮಾಡಿದಳು. ನೀನೂ ಕೇಳಿದೆ. ಕಾಡು, ನೀರು, ಹೊಗೆ, ಬಿಸಿಲು, ಒಂದೂ ತಪ್ಪಲಿಲ್ಲ. ಚಪ್ಪಾಳೆ ಬಿತ್ತು. ಆಗ ತೀರ್ಪುಗಾರರಲ್ಲಿದ್ದ ಆ ಮುದುಕರು, ಕೆಟ್ಟ ಮನಸ್ಸಿನಿಂದೇನಲ್ಲ, ಸುಮ್ಮನೆ ಮಾತಾಡಿಸಲೆಂದು, "ತುಂಬ ಚೆನ್ನಾಗಿ ಹೇಳ್ದೆ ಮರಿ. ನಿಮ್ಮನೇಲಿ ಎಷ್ಟು ಜನ ಮಕ್ಕಳು?" ಎಂದು ಕೇಳಿದರು.

"ನಾನೊಬ್ಬಳೇ ಸರ್" ಅಂದಳು.

ನಾನು ಅವಳ ಮಿಸ್. ಎದ್ದು ನಿಂತು ಏನಾದರೂ ಹೇಳಬಹುದಿತ್ತು. ಮುಖವನ್ನಾದರೂ ಗಂಟಿಕ್ಕಬಹುದಿತ್ತು. ನನಗೆ ಮೊದಲು ನಾಚಿಕೆಯಾಗಲಿಲ್ಲ ತಂಗೀ. ಮೊದಲು ಸಂತೋಷವಾಯಿತು. ಕಣ್ಣು ಮಿಟುಕಿಸುವಷ್ಟು ಹೊತ್ತು. ಅವಳು ಒಬ್ಬಳೇ ಮಗಳಾದರೆ ಯಾರ ಮಗಳು ಎಂದು ನನ್ನ ಮನಸ್ಸು ಆಗಲೇ ಉತ್ತರ ಕೊಟ್ಟಾಗಿತ್ತು.

ಆಗ ಹಿಂದಿನಿಂದ ಪುಟಾಣಿ "ಅಕ್ಕಾ!" ಎಂದು ಕೂಗಿದಳು. ಅವಳಿಗಳೂ "ಅಕ್ಕಾ, ನಾವಿಲ್ಲಿ!" ಅಂದರು. ಸಭೆಯೆಲ್ಲ ತಿರುಗಿ ನೋಡಿ ನಕ್ಕಿತು. ನೀನು ಎದ್ದು ನಿಂತೆ. ಗುಬ್ಬಿ ನಿನ್ನ ಮುಖವನ್ನು ನೋಡಿದಳು, ಆಮೇಲೆ ಹೊಟ್ಟೆಯನ್ನು. ಅವಳ ತುಟಿ ಅಲುಗಿದ್ದು ನನಗೆ ಕಾಣಿಸಿತು, ಮಾತು ಕೇಳಿಸಲಿಲ್ಲ. ನೀನು ಮಕ್ಕಳನ್ನು ಎಳೆದುಕೊಂಡು ಹೊರಗೆ ಹೋದೆ. ಅವಳು ವೇದಿಕೆಯಿಂದ ಇಳಿಯಲಿಲ್ಲ, ಹಾರಿದಳು. ನಾನು ಓಡೋಡಿ ಬರುವ ಹೊತ್ತಿಗೆ ನೀವೆಲ್ಲ ಗೇಟಿನ ಹೊರಗೆ ಬಸ್ಸು ಹತ್ತುತ್ತಿದ್ದಿರಿ, ನಿನ್ನ ಸೆರಗಿನ ಅಂಚು ಅವಳ ಮುಷ್ಟಿಯಲ್ಲಿತ್ತು. ನಿನ್ನನ್ನು ಕರೆಯಲು ಬಾಯಿ ತೆರೆದೆ. ಅಕ್ಕ ಎನ್ನಿಸಿಕೊಳ್ಳುವ ಮುಖ ಇರಲಿಲ್ಲ.

ಅವಳ ಬಟ್ಟೆ, ಪುಸ್ತಕ ಬಸ್ಸಿಗೆ ಹಾಕಿ ಕಳಿಸಿದ್ದೇನೆ. ಹಳದಿ ಕೋಣೆಯ ಬಾಗಿಲನ್ನು ನಿನ್ನ ಭಾವ ಹಾಕಿದ್ದಾರೆ. ಇಬ್ಬರೂ ಆ ಕಡೆ ಹೋಗುವುದಿಲ್ಲ.

ನಾನು ಕೇಳಿದ್ದನ್ನು ಮರೆತುಬಿಡು. ನಿನಗೆ ಆರು, ನನಗೆ ಸೊನ್ನೆ ಎಂದು ದೇವರೊಡನೆ ಜಗಳವಾಡುತ್ತ ನಿನ್ನೊಡನೆ ಆಡಿಬಿಟ್ಟೆ.

ಅಕ್ಕ


ಡಿಸೆಂಬರ್ 15

ಅಕ್ಕ,

ನಿನ್ನ ಕಾಗದ ಬಂದ ದಿನ ಒಲೆಗೆ ಹಾಕಬೇಕೆಂದಿದ್ದೆ. ಅಡುಗೆಯಾಗುವವರೆಗೆ ಇರಲಿ ಎಂದು ಪಕ್ಕಕ್ಕಿಟ್ಟೆ, ಅಡುಗೆಯಾದ ಮೇಲೆ ಇನ್ನೊಮ್ಮೆ ಓದಿದೆ.

ಬಸ್ಸಿನಲ್ಲಿ ಏನಾಯಿತೆಂದು ನಿನಗೆ ಗೊತ್ತಿಲ್ಲ. ಗುಬ್ಬಿ ಮುಂದಿನ ಸೀಟಿನಲ್ಲಿ ಒಬ್ಬಳೇ ಕೂತಳು. ನಾನೂ ಕರೆಯಲಿಲ್ಲ. ನನ್ನನ್ನೇ ಇಲ್ಲ ಅಂದವಳನ್ನು ನಾನೇಕೆ ಕರೆಯಲಿ ಎಂದು ಕಲ್ಲಾಗಿ ಕೂತೆ. ಅರ್ಧ ದಾರಿಯಲ್ಲಿ ಪುಟಾಣಿ ನನ್ನ ತೊಡೆಯಿಂದ ಜಾರಿ, ಕಂಬಿ ಹಿಡಿದು ಹಿಡಿದು ಹೋಗಿ ಅವಳ ತೊಡೆ ಏರಿದಳು. ಮಕ್ಕಳಿಗೆ ಮಾನ ಅವಮಾನ ಎಲ್ಲಿ ಗೊತ್ತು? ಸ್ವಲ್ಪ ಹೊತ್ತಿಗೆ ಗುಬ್ಬಿ ಅವಳನ್ನೆತ್ತಿಕೊಂಡು ನನ್ನ ಪಕ್ಕ ಬಂದು ಕೂತು, "ಅಮ್ಮ, ಎಷ್ಟನೇ ತಿಂಗಳು?" ಅಂದಳು. "ಆರು" ಅಂದೆ. "ಅವರೆಲ್ಲ ನಗ್ತಾರೆ ಅಂತ ಹಾಗಂದೆ ಅಮ್ಮ" ಅಂದಳು. "ಈಗೇನು ಅಳ್ತಿದಾರಾ?" ಅಂದೆ. ಅವಳು ಅತ್ತಳು, ನಾನೂ ಅತ್ತೆ, ಕಂಡಕ್ಟರ್ ಟಿಕೆಟ್ ಕೇಳುವುದನ್ನೇ ಮರೆತ.

ಇಲ್ಲಿನ ಶಾಲೆಗೆ ಸೇರಿಸಿದ್ದೇನೆ. ಪಾಠ ಸಾಲದು ಅಂತಾಳೆ. ಮೊನ್ನೆ ನೀರು ಬಂದ ದಿನ ಅವಳಿಗಳು ಮೈಮೇಲೆ ಸುರಿದುಕೊಂಡು ಆಡುತ್ತಿದ್ದರು. ಗುಬ್ಬಿ ಅವರನ್ನು ಹಿಡಿದು ಕೂರಿಸಿ, ಒಂದು ಬಿಂದಿಗೆ, ಹೊಟ್ಟೆಯಲ್ಲಿರುವುದಕ್ಕೂ ಸೇರಿಸಿ ಆರು ಲೋಟ ಇಟ್ಟುಕೊಂಡು ನಿನ್ನ ಪಾಠ ಶುರುಮಾಡಿದಳು. ಒಬ್ಬ ಕೇಳಿದ: "ಹಾಗಾದ್ರೆ ನಮ್ಮಲ್ಲಿ ಹೆಚ್ಚು ಯಾರು? ನಾನಾ, ಇವನಾ?"

ನನ್ನ ಕೈಯಲ್ಲಿದ್ದ ಸೂಜಿ ನಿಂತಿತು. ಗುಬ್ಬಿ ಹೇಳಿದಳು: "ಹುಟ್ಟಿದ ಮೇಲೆ ಯಾರೂ ಹೆಚ್ಚಲ್ಲ ಕಣೋ. ಎಷ್ಟು ಜನ ಆಗ್ಬೇಕು ಅಂತ ಹುಟ್ಟೋಕೆ ಮುಂಚೆ ದೊಡ್ಡೋರು ಯೋಚ್ನೆ ಮಾಡ್ಬೇಕು. ಹುಟ್ಟಿದ ಮೇಲೆ ಎಲ್ರಿಗೂ ಸಾಲೋ ಹಾಗೆ ಬಳಸ್ಬೇಕು. ನೀನು ಮೈಮೇಲೆ ಸುರ್ಕೊಂಡ್ಯಲ್ಲ, ಅದು ಪುಟಾಣಿ ಲೋಟ."

ನಾನು ಹಿಗ್ಗಬೇಕಿತ್ತು. ಹಿಗ್ಗಲಿಲ್ಲ. ಆ ಮಾತನ್ನು ಅವಳು ಬೆರಳೆತ್ತಿ, ನಡುವೆ ನಿಲ್ಲಿಸಿ, ನಿನ್ನ ಧ್ವನಿಯಲ್ಲೇ ಹೇಳಿದಳು ಅಕ್ಕ. ಹೆತ್ತವಳು ನಾನು, ಸಾಕಿದವಳು ನಾನು. ಆರು ತಿಂಗಳಿಗೆ ಅವಳ ಬೆರಳಿನೊಳಗೆ ನೀನು ಹೋಗಿ ಕೂತಿದ್ದೀಯ. ಹೊಟ್ಟೆ ಉರಿಯಿತು. ಈ ಹೊಟ್ಟೆಯಲ್ಲಿ ಜಾಗವೇ ಇಲ್ಲದ ಹೊತ್ತಿನಲ್ಲಿ ಅದೆಲ್ಲಿಂದ ಉರಿಯಿತೋ.

ತಂಗಿ


ಜನವರಿ 8

ತಂಗೀ,

ನಿನ್ನ ಕಾಗದ ಓದಿದೆ. ಅವಳು ಪಾಠ ಮಾಡುವುದನ್ನು ನೋಡಬೇಕಾದವಳು ನಾನು, ನೋಡಿದವಳು ನೀನು. ನಿನಗೆ ಹೊಟ್ಟೆ ಉರಿದದ್ದನ್ನು ಓದಿ ನನಗೆ ಸ್ವಲ್ಪ ಸಮಾಧಾನವಾಯಿತು. ಇಂಥ ಸಮಾಧಾನಕ್ಕೆ ಏನೆನ್ನಬೇಕೋ.

ಎಂಟನೇ ತರಗತಿಗೆ ಉಳಿದರ್ಧ ಪಾಠ ಮಾಡಿದೆ. ಅದೇ ಚೌಕ, ಆದರೆ ಈ ಸಲ ಮಕ್ಕಳು ತಮ್ಮ ಮನೆಯಲ್ಲಿ ಬಳಸುವುದನ್ನೆಲ್ಲ ಚೀಟಿಯಲ್ಲಿ ಬರೆದು, ಒಂದೊಂದಕ್ಕೂ ಒಂದೊಂದು ಇಟ್ಟಿಗೆ ಒಳಗೆ ತಂದಿಡಬೇಕು. ಡಾಕ್ಟರ್ ಮಗಳ ಇಟ್ಟಿಗೆ ಎಷ್ಟಾದವೆಂದರೆ ಉಳಿದವರು ನಿಲ್ಲಲು ಜಾಗವಿರಲಿಲ್ಲ. ಮಗುವಿಗೆ ಅಳು ಬಂತು. "ನೀನೊಬ್ಬಳೇ ಅಲ್ಲ" ಎಂದು ನನ್ನ ಮನೆಯ ಇಟ್ಟಿಗೆಗಳನ್ನೂ ತಂದು ಜೋಡಿಸಿದೆ. ಮಕ್ಕಳು ಎಣಿಸಿ ಹೋ ಎಂದು ಕೂಗಿದರು. ಆಮೇಲೆ ಎಲ್ಲರೂ ಸೇರಿ, ಯಾವ ಇಟ್ಟಿಗೆ ತೆಗೆಯಬಹುದು, ಎಷ್ಟು ಜನ ಹಿಡಿಸಬಹುದು ಎಂದು ಗಂಟೆ ಹೊಡೆಯುವವರೆಗೂ ಜಗಳವಾಡಿದರು. ಇಂಥ ಪಾಠ ನಾನು ಮಾಡಿ ವರ್ಷಗಳಾಗಿದ್ದವು. ತಿರುಗಿ ನೋಡಿದರೆ ಮೂರನೇ ಬೆಂಚಿನಲ್ಲಿ ಗುಬ್ಬಿ ಇರಲಿಲ್ಲ.

ಈಗ ನಾನು ಶಾಲೆಗೆ ಬಸ್ಸಿನಲ್ಲಿ ಹೋಗುತ್ತೇನೆ. ನಿನ್ನ ಮಾತಿಗಲ್ಲ ಎಂದು ಬರೆಯಬೇಕೆಂದಿದ್ದೆ. ನಿನ್ನ ಮಾತಿಗೇ.

ಹೆರಿಗೆಗೆ ನಾನು ಬರಲೇ? ನಿನ್ನ ಮಕ್ಕಳನ್ನು ನೋಡಿಕೊಳ್ಳುತ್ತೇನೆ. ಬೇಡ ಎಂದರೆ ಬೇಡ.

ಅಕ್ಕ


ಜನವರಿ 19

ಅಕ್ಕ,

ಈ ಸಲ ಬೇಡ. ನೀನು ಅದನ್ನು ಮೊದಲು ಎತ್ತಿಕೊಂಡರೆ ನಾನು ತಡೆದುಕೊಳ್ಳಲಾರೆ. ಮನಸ್ಸು ತಿಳಿಯಾದ ಮೇಲೆ ಕರೆಯುತ್ತೇನೆ. ಕರೆಯುತ್ತೇನೆ, ಖಂಡಿತ.

ತಂಗಿ


ಮೇ 29

ಅಕ್ಕ,

ಈ ಕಾಗದ ಸಿಗುವ ಹೊತ್ತಿಗೆ ಗುಬ್ಬಿ ನಿನ್ನ ಮನೆ ಸೇರಿರುತ್ತಾಳೆ. ನೀನು ಮೊನ್ನೆ ಬಂದು ಮಗುವನ್ನು ನೋಡಿಕೊಂಡು ಹೋದ ಮೇಲೆ ಅವಳು ಮಾತು ತೆಗೆದಳು. ನಿನ್ನೆದುರು ತೆಗೆಯಲಿಲ್ಲ, ಅಷ್ಟು ಬುದ್ಧಿ ಬಂದಿದೆ.

ನೀನು ಗಂಡುಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಾಗ ನಾನು ಮಿಷನ್ ತುಳಿಯುತ್ತಲೇ ನಿನ್ನ ಕೈಯನ್ನು ನೋಡುತ್ತಿದ್ದೆ. ನಿನಗೂ ಗೊತ್ತಿತ್ತು. ಅದು ಅಳತೊಡಗಿದ ಕೂಡಲೇ ನೀನಾಗಿಯೇ ಎದ್ದು ತಂದು ಕೊಟ್ಟೆ. ಈಗ ಅನ್ನುತ್ತೇನೆ: ಒಳ್ಳೆಯದು ಮಾಡಿದೆ. ಇಬ್ಬರೇ ಇದ್ದಾಗ ಹೇಳಬೇಕೆಂದಿದ್ದ ಇನ್ನೊಂದು ಮಾತು, ಹೆರಿಗೆಯಲ್ಲೇ, ಇನ್ನು ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿಕೊಂಡೆ. ನಿನ್ನ ಪಾಠಕ್ಕಲ್ಲ, ನನ್ನ ಸೊಂಟಕ್ಕೆ. ಇವರು ಹೂಂ ಅನ್ನಲು ಎರಡು ದಿನ ತೆಗೆದುಕೊಂಡರು. ಗುಬ್ಬಿ ಅಪ್ಪನನ್ನು ಕೂರಿಸಿಕೊಂಡು ಏನೋ ಹೇಳಿದಳು. ಏನೆಂದು ಇಬ್ಬರೂ ನನಗೆ ಬಿಡಿಸಿ ಹೇಳಿಲ್ಲ.

ನೀನು ಹೋದ ಸಂಜೆ ಎಲ್ಲರೂ ಊಟಕ್ಕೆ ಕೂತಾಗ, "ಅಮ್ಮ, ನಾನು ದೊಡ್ಡಮ್ಮನ ಶಾಲೆಗೇ ವಾಪಸ್ ಹೋಗ್ಲಾ?" ಅಂದಳು. "ಯಾಕೆ, ಆ ಮಂಚ ನೆನಪಾಯ್ತಾ?" ಅಂದೆ. ಮಾತು ಬಾಯಿಂದ ಜಾರಿತ್ತು. ಅವಳು ತಲೆ ತಗ್ಗಿಸಲಿಲ್ಲ. "ಹೂಂ, ಮಂಚವೂ ನೆನಪಾಯ್ತು. ಆದ್ರೆ ಅದಕ್ಕಲ್ಲ. ನಂಗೆ ಅಲ್ಲಿ ಓದು ಹತ್ತುತ್ತೆ ಅಮ್ಮ. ಕೇಳಿದ್ರೆ ಐದು ಜನರಲ್ಲಿ, ಅಲ್ಲ, ಆರು ಜನರಲ್ಲಿ ದೊಡ್ಡೋಳು ಅಂತೀನಿ. ಯಾರು ನಕ್ಕರೂ ಅಂತೀನಿ." ನಾನು ಅನ್ನ ಬಡಿಸುವುದನ್ನು ಮರೆತು ಸೌಟು ಹಿಡಿದು ನಿಂತಿದ್ದೆ. ಇವರೇ, "ಹೋಗ್ಲಿ ಬಿಡೇ, ಹೆಣ್ಣುಮಗು ಓದ್ಲಿ" ಅಂದರು.

ಕಳಿಸುತ್ತಿದ್ದೇನೆ. ನನ್ನ ಮನಸ್ಸು ದೊಡ್ಡದಾಗಿದೆ ಎಂದುಕೊಳ್ಳಬೇಡ, ಇದ್ದಷ್ಟೇ ಇದೆ. ನಿನ್ನ ಮೇಜು, ನಿನ್ನ ಸಂಜೆ, ನಿಮ್ಮಿಬ್ಬರ ನಗು ನೆನೆಸಿಕೊಂಡರೆ ಈಗಲೂ ಕತ್ತರಿ ಬಟ್ಟೆ ಬಿಟ್ಟು ಬೆರಳಿಗೆ ಬರುತ್ತದೆ. ಆದರೂ ಕಳಿಸುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಎಲ್ಲರೂ ನಿಲ್ದಾಣಕ್ಕೆ ಹೋಗಿದ್ದೆವು. ಇವರದೇ ಬಸ್ಸು. ಅವಳು ಎಲ್ಲರ ಕೆನ್ನೆಗೂ ಮುತ್ತು ಕೊಟ್ಟು ಹತ್ತಿದಳು, ಕಿಟಕಿಯ ಪಕ್ಕದಲ್ಲೇ ಕೂತಳು. ಬಸ್ಸು ತಿರುವು ದಾಟುವವರೆಗೂ ನಾನು ಮಗುವನ್ನೆತ್ತಿಕೊಂಡು ನಿಂತೇ ಇದ್ದೆ. ಅವಳು ತಿರುಗಿ ನೋಡಲಿಲ್ಲ. ಮುಂದಿನ ರಸ್ತೆಯನ್ನೇ ನೋಡುತ್ತಿದ್ದಳು.

ನವೆಂಬರಿನಲ್ಲಿ ನಿನ್ನನ್ನು ಬಿಟ್ಟು ನಮ್ಮ ಜೊತೆ ಬಸ್ಸು ಹತ್ತಿದಾಗ ಅವಳು ನಿನ್ನ ಕಡೆ ತಿರುಗಿ ನೋಡಿದ್ದಳಾ ಅಕ್ಕ? ನೀನು ಗೇಟಿನಲ್ಲೇ ನಿಂತಿದ್ದೆಯಲ್ಲ. ನಾನು ಪುಟಾಣಿಯ ಮೂಗು ಒರೆಸುತ್ತಿದ್ದೆ, ಗಮನಿಸಲಿಲ್ಲ.

ಬೇಡ. ಬರೆಯಬೇಡ.

ನಿನ್ನ ತಂಗಿ